ಕಾಡಂಚಿನ ಮನೆಗೆ ಬೆಂಕಿ ಬಾರದಿರಲು ಮರ ಕಡಿಯಲೇಬೇಕೆ?

ಹುಣಸೂರಿನಿಂದ ನಾಗರಹೊಳೆಗೆ ಹೋಗುವವರಿಗೆ ವೀರನಹೊಸಹಳ್ಳಿ ಪರಿಚಿತ ಹೆಸರು. ರಾಷ್ಟ್ರೀಯ ಉದ್ಯಾನದ ಒಂದು ಪ್ರವೇಶದ್ವಾರ ಇಲ್ಲಿದೆ. ಅರಣ್ಯ ಇಲಾಖೆಯ ಒಂದು ವಲಯಕ್ಕೂ ಇದೇ ಊರಿನ ಹೆಸರಿದೆ. ಒಂದು ಕಡೆ ಹೊಲ, ಮನೆ, ಹೊಗೆಸೊಪ್ಪಿನ ಬ್ಯಾರನ್. ಇನ್ನೊಂದು ಕಡೆ ಹುಲಿ, ಆನೆ ಇರುವ ಕಾಡು. ಮಾಘ ಮಾಸ ಬಂತೆಂದರೆ ಈ ಭಾಗದ ಜನರಿಗೆ ಕಾಳ್ಗಿಚ್ಚಿನ ಆತಂಕ ಶುರುವಾಗುತ್ತದೆ. ಮೊದಲ ಮಳೆ ಬೀಳುವ ತನಕ ಅದು ಹೋಗುವುದಿಲ್ಲ.

2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ 10 ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟುಹೋದದ್ದು ಎಲ್ಲರಿಗೂ ನೆನಪಿದೆ. 2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲಿಸ್ ಸುತ್ತಮುತ್ತ 16 ಸಾವಿರಕ್ಕೂ ಹೆಚ್ಚು ಕಟ್ಟಡಗಳು ನಾಶವಾದ ದೃಶ್ಯಗಳನ್ನು ಮೊಬೈಲಿನಲ್ಲಿ ಎಲ್ಲರೂ ನೋಡಿದ್ದಾರೆ. ಅದರ ಹಿಂದೆಯೇ ಒಂದು ಸಲಹೆಯೂ ಹರಿದಾಡುತ್ತದೆ: ಮನೆಯ ಸುತ್ತಲಿನ ಮರಗಳನ್ನು ಕಡಿದು ಬಯಲು ಮಾಡಿ.

ಜೈನ ಮನೆತನಕ್ಕೆ ಇದು ಸುಲಭವಾಗಿ ಒಪ್ಪುವ ಮಾತಲ್ಲ. ಹಸಿ ಮರ ಕಡಿದರೆ ಹಿಂಸೆ, ಬಿಟ್ಟರೆ ಮನೆ, ದನಕರು, ಮಕ್ಕಳಿಗೆ ಅಪಾಯ ಎಂಬ ಇಕ್ಕಟ್ಟು. ಬೆಂಕಿಯ ಸ್ವಭಾವವನ್ನು ಸ್ವಲ್ಪ ತಿಳಿದುಕೊಂಡರೆ ಈ ಇಕ್ಕಟ್ಟು ಬಹುಮಟ್ಟಿಗೆ ಕರಗುತ್ತದೆ. ಏಕೆಂದರೆ ಮನೆಗೆ ಬೆಂಕಿ ತರುವುದು ಸಾಮಾನ್ಯವಾಗಿ ನಿಂತಿರುವ ಹಸಿರು ಮರವಲ್ಲ. ಗೋಡೆಯ ಪಕ್ಕ, ಸೂರಿನ ಮೇಲೆ, ಅಂಗಳದ ಮೂಲೆಯಲ್ಲಿ ಸೇರಿಕೊಂಡಿರುವ ಒಣ ಕಸವೇ ಅದನ್ನು ಒಳಗೆ ಕರೆಯುತ್ತದೆ.

ನಮ್ಮ ಕಡೆಯ ಕಾಳ್ಗಿಚ್ಚು ಎಂಥದ್ದು?

ನಾಗರಹೊಳೆಯ ಪೂರ್ವ ಭಾಗ, ಅಂದರೆ ಹುಣಸೂರು ಮತ್ತು ಎಚ್.ಡಿ. ಕೋಟೆ ಕಡೆಯ ಕಾಡು, ಎಲೆ ಉದುರುವ ಜಾತಿಯ ಒಣ ಕಾಡು. ತೇಗ, ಮತ್ತಿ, ಹೊನ್ನೆ, ಬಿದಿರು ಇಲ್ಲಿ ಹೆಚ್ಚು. ಜನವರಿ, ಫೆಬ್ರವರಿ ಹೊತ್ತಿಗೆ ಮರಗಳು ಎಲೆ ಕಳಚಿ ನೆಲದ ಮೇಲೆ ತರಗೆಲೆಯ ಹಾಸು ಬೀಳುತ್ತದೆ. ಹುಲ್ಲೂ ಒಣಗಿರುತ್ತದೆ. ಬೆಂಕಿ ಬಿದ್ದಾಗ ಅದು ಈ ಹಾಸಿನ ಮೇಲೆ ಓಡುತ್ತದೆ. ದೊಡ್ಡ ಮರಗಳ ತೊಗಟೆ ಕಪ್ಪಾಗುತ್ತದೆ, ಆದರೆ ಬಹುಪಾಲು ಮರಗಳು ಮಳೆ ಬಂದ ಮೇಲೆ ಮತ್ತೆ ಚಿಗುರುತ್ತವೆ.

ಅಮೆರಿಕ, ಕೆನಡಾ ದೇಶಗಳ ಸೂಚಿಪರ್ಣಿ ಕಾಡುಗಳಲ್ಲಿ ಹಾಗಲ್ಲ. ಅಲ್ಲಿನ ಮರಗಳ ಎಲೆಯಲ್ಲೇ ರಾಳದ ಅಂಶವಿರುವುದರಿಂದ ಬೆಂಕಿ ತುದಿಗೇರಿ ಮರದಿಂದ ಮರಕ್ಕೆ ಮೇಲ್ಗಡೆಯೇ ಹಾರುತ್ತದೆ. ಅಲ್ಲಿನ ಸಲಹೆಯನ್ನು ಇಲ್ಲಿಗೆ ಹಾಗೆಯೇ ತರುವುದು ಸರಿಯಲ್ಲ ಎನ್ನುವುದಕ್ಕೆ ಇದು ಮೊದಲ ಕಾರಣ.

ಹಾಗೆಂದು ನಮ್ಮ ಕಡೆ ಜ್ವಾಲೆ ಮೇಲೇರುವುದೇ ಇಲ್ಲ ಎಂದಲ್ಲ. ಎರಡು ಕಡೆ ಅದು ಏರುತ್ತದೆ. ಒಂದು, ಲಂಟಾನ ಪೊದೆ ದಟ್ಟವಾಗಿರುವಲ್ಲಿ. ಇನ್ನೊಂದು, ಹೂಬಿಟ್ಟು ಒಣಗಿದ ಬಿದಿರು ಮೆಳೆ ನಿಂತಿರುವಲ್ಲಿ. ಇವು ಬೆಂಕಿಗೆ ಏಣಿ ಇದ್ದಂತೆ. ನೆಲದ ಕಿಚ್ಚು ಇವನ್ನು ಹತ್ತಿ ಮರದ ಕೊಂಬೆ ತಲುಪುತ್ತದೆ, ಅಲ್ಲಿಂದ ಕಿಡಿಗಳು ಗಾಳಿಯಲ್ಲಿ ದೂರ ಹಾರುತ್ತವೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ವರ್ಷದ ಆರಂಭದಲ್ಲೇ ಸಣ್ಣದಾಗಿ ಹಾಕುತ್ತಿದ್ದ ಬೆಂಕಿಯನ್ನು ‘ತರಗು ಬೆಂಕಿ’ ಎನ್ನುತ್ತಾರೆ. ಅದು ನಿಂತ ಮೇಲೆ ಲಂಟಾನ ಹೆಚ್ಚಾಯಿತು ಎನ್ನುವುದು ಅವರ ಹಿರಿಯರ ಮಾತು. ಇಂದು ಕಾಡಿಗೆ ಬೆಂಕಿ ಇಡುವುದು ಅಪರಾಧ. ಆದರೂ ಆ ಮಾತಿನಲ್ಲಿರುವ ತಿಳಿವಳಿಕೆ ಗಮನಿಸುವಂಥದ್ದು: ತರಗು ಕಡಿಮೆ ಇದ್ದಾಗ ಬೆಂಕಿ ಸಣ್ಣದು, ತರಗು ಕೂಡಿಟ್ಟುಕೊಂಡಷ್ಟೂ ಬೆಂಕಿ ದೊಡ್ಡದು. ಮನೆಯ ಅಂಗಳಕ್ಕೂ ಇದೇ ಲೆಕ್ಕ.

ಮನೆಗೆ ಬೆಂಕಿ ಹತ್ತುವುದು ಹೇಗೆ?

ಮೂರು ದಾರಿಗಳಿವೆ. ಒಂದನೆಯದು, ತರಗೆಲೆ ಮತ್ತು ಒಣಹುಲ್ಲಿನ ಮೇಲೆ ತೆವಳಿಕೊಂಡು ಗೋಡೆಯವರೆಗೆ ಬರುವುದು. ಎರಡನೆಯದು, ಹತ್ತಿರದಲ್ಲಿ ಉರಿಯುವ ಜ್ವಾಲೆಯ ಕಾವು ತಾಗುವುದು. ಮೂರನೆಯದು, ಗಾಳಿಯಲ್ಲಿ ತೇಲಿ ಬಂದ ಕಿಡಿ ಒಣ ವಸ್ತುವಿನ ಮೇಲೆ ಕೂರುವುದು. ಈ ಮೂರನೆಯದೇ ಹೆಚ್ಚು ಮೋಸ ಮಾಡುತ್ತದೆ. ಕಾಳ್ಗಿಚ್ಚು ಇನ್ನೂ ದೂರದಲ್ಲಿದೆ ಎಂದುಕೊಂಡಿರುವಾಗಲೇ ಸೂರಿನ ಸಂದಿಯಲ್ಲಿ ಹೊಗೆ ಕಾಣಿಸುತ್ತದೆ.

ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಜ್ಯಾಕ್ ಕೋಹೆನ್ ಈ ವಿಷಯವನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. 1990ರ ದಶಕದ ಕೊನೆಯಲ್ಲಿ ಕೆನಡಾದ ಉತ್ತರ ಭಾಗದಲ್ಲಿ ಕಾಡಿಗೆ ಬೆಂಕಿ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಮರದ ಗೋಡೆಗಳನ್ನು ಬೇರೆ ಬೇರೆ ದೂರದಲ್ಲಿ ನಿಲ್ಲಿಸಿ ನೋಡಲಾಯಿತು. 10 ಮೀಟರ್ ದೂರದ ಗೋಡೆಗಳಲ್ಲಿ ಕೆಲವಕ್ಕೆ ಬೆಂಕಿ ಹತ್ತಿತು. 30 ಮೀಟರ್ ದೂರದ ಗೋಡೆಗೆ ಹತ್ತಲಿಲ್ಲ. ಅದೂ ತುದಿಯವರೆಗೆ ಉರಿಯುವ ಭಾರಿ ಬೆಂಕಿಯ ಎದುರು. ಅಂದರೆ ಕಾವಿನಿಂದ ಮನೆ ಉಳಿಸಿಕೊಳ್ಳಲು ಎಕರೆಗಟ್ಟಲೆ ಮರ ಕಡಿಯಬೇಕಾಗಿಲ್ಲ. ಮನೆ ಮತ್ತು ಅದರ ಹತ್ತಿರದ ಕೆಲವೇ ಮಾರು ಜಾಗ ಹೇಗಿದೆ ಎನ್ನುವುದೇ ಮನೆ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ.

ನಮ್ಮ ಹಳ್ಳಿಮನೆಗಳ ಗೋಡೆ ಮಣ್ಣು, ಇಟ್ಟಿಗೆ ಅಥವಾ ಕಲ್ಲಿನದು. ಅದು ಉರಿಯುವುದಿಲ್ಲ. ಉರಿಯುವುದು ಮಂಗಳೂರು ಹೆಂಚಿನ ಕೆಳಗಿನ ರೀಪು, ತೊಲೆ, ಒಡೆದ ಹೆಂಚಿನ ಸಂದಿಯಲ್ಲಿ ತುಂಬಿದ ಎಲೆ, ಅಟ್ಟದ ಮೇಲಿನ ಹಳೆಯ ಚೀಲ, ಗೋಡೆಗೆ ಒರಗಿಸಿದ ಸೌದೆ, ಬೆರಣಿ, ತೆಂಗಿನ ಗರಿ, ಕೊಟ್ಟಿಗೆಯ ಪಕ್ಕದ ಹುಲ್ಲಿನ ಮೆದೆ, ಬಿಸಿಲಿಗೆ ಕಟ್ಟಿದ ಹಸಿರು ಬಲೆ ಮತ್ತು ಪ್ಲಾಸ್ಟಿಕ್ ಟಾರ್ಪಾಲು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದಮಾಡಿ ಉಳಿದ ಸೌದೆ ಬ್ಯಾರನ್ ಪಕ್ಕದಲ್ಲೇ ಬೇಸಿಗೆ ಪೂರ್ತಿ ಬಿದ್ದಿರುವುದುಂಟು. ಬ್ಯಾರನ್ ಮನೆಗೆ ಅಂಟಿಕೊಂಡಿದ್ದರೆ ಅದು ಬಾಗಿಲಲ್ಲೇ ಇಟ್ಟ ಕಿಚ್ಚಿನ ರಾಶಿ.

ಮನೆಯ ಸುತ್ತ ಮೂರು ಸುತ್ತು

ಕ್ಯಾಲಿಫೋರ್ನಿಯಾದ ಕಾನೂನು ಮನೆಯ ಸುತ್ತ 100 ಅಡಿವರೆಗೆ ಕಾಳಜಿ ವಹಿಸಲು ಹೇಳುತ್ತದೆ. ಆ ಜಾಗವನ್ನು ಮೂರು ಸುತ್ತುಗಳಾಗಿ ನೋಡುವ ಕ್ರಮ ನಮಗೂ ಅನುಕೂಲ.

*ಮೊದಲ ಸುತ್ತು, ಗೋಡೆಯಿಂದ 5 ಅಡಿ.* ಇಲ್ಲಿ ಉರಿಯುವಂಥದ್ದು ಏನೂ ಇರಬಾರದು. ಸಾರಿಸಿದ ಮಣ್ಣು, ಜಲ್ಲಿ, ಕಲ್ಲುಚಪ್ಪಡಿ ಒಳ್ಳೆಯದು. ಸೌದೆ, ಬೆರಣಿ, ಕಸದ ಚೀಲ ಇಲ್ಲಿಂದ ಹೊರಗೆ ಹೋಗಬೇಕು. ಮೂರು ಸುತ್ತಿನಲ್ಲಿ ಅತ್ಯಂತ ಮುಖ್ಯವಾದದ್ದು ಇದು. ಇದಕ್ಕೆ ಒಂದು ಮರವನ್ನೂ ಕಡಿಯಬೇಕಾಗಿಲ್ಲ, ಒಂದು ರೂಪಾಯಿ ಖರ್ಚೂ ಇಲ್ಲ. ಸೂರು ಮತ್ತು ಹೆಂಚಿನ ಮೇಲಿನ ತರಗೆಲೆ ಗುಡಿಸುವುದೂ ಇದೇ ಸುತ್ತಿನ ಕೆಲಸ.

*ಎರಡನೆಯ ಸುತ್ತು, 5ರಿಂದ 30 ಅಡಿ.* ಇಲ್ಲಿ ಮರ ಇರಬಹುದು, ಆದರೆ ಬೆಂಕಿಗೆ ಏಣಿ ಇರಬಾರದು. ಮರದ ಕೆಳಗಿನ ಕೊಂಬೆಗಳನ್ನು ನೆಲದಿಂದ ಆರೇಳು ಅಡಿ ಎತ್ತರದವರೆಗೆ ಸವರಬೇಕು. ಎಳೆಯ ಮರವಾದರೆ ಅದರ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸವರಬಾರದು. ಮರದ ಬುಡದಲ್ಲಿ ಪೊದೆ ಬೆಳೆಯಲು ಬಿಡಬಾರದು. ಹೆಂಚಿನ ಮೇಲೆ ಚಾಚಿದ ಕೊಂಬೆಯನ್ನು ಹಿಂದಕ್ಕೆ ಸವರಬೇಕು. ವಿದ್ಯುತ್ ತಂತಿಗೆ ತಾಗುವ ಕೊಂಬೆಯಿಂದ ಕಿಡಿ ಉದುರುತ್ತದೆ. ಅದನ್ನು ತಾವೇ ಹತ್ತಿ ಕಡಿಯದೆ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ತಿಳಿಸಬೇಕು.

*ಮೂರನೆಯ ಸುತ್ತು, 30ರಿಂದ 100 ಅಡಿ.* ಹುಲ್ಲಿನ ಮೆದೆ, ಸೌದೆ ರಾಶಿ, ಗೊಬ್ಬರದ ಗುಂಡಿ ಇಲ್ಲಿಗೆ ಬರಲಿ. ಮೆದೆಗಳನ್ನು ಒಂದಕ್ಕೊಂದು ಅಂಟಿಸದೆ ದೂರ ದೂರ ಒಟ್ಟಬೇಕು. ಕಾಡಿನ ಕಡೆಯ ಬೇಲಿಯ ಒಳಗೆ ಏಳೆಂಟು ಅಡಿ ಅಗಲದ ಪಟ್ಟಿಯನ್ನು ಕೆರೆದು ಅಥವಾ ಉತ್ತು ಬರಿ ಮಣ್ಣು ಕಾಣುವಂತೆ ಇಟ್ಟರೆ ತೆವಳುವ ಬೆಂಕಿ ಅಲ್ಲಿಯೇ ನಿಲ್ಲುತ್ತದೆ. ಅರಣ್ಯ ಇಲಾಖೆ ಬೇಸಿಗೆಗೆ ಮೊದಲು ರಸ್ತೆ ಮತ್ತು ಗಡಿಗಳ ಉದ್ದಕ್ಕೂ ಮಾಡುವ ಬೆಂಕಿ ರೇಖೆಯ ತತ್ವವೂ ಇದೇ.

ತೋಟದವರಿಗೆ ಇಲ್ಲಿ ಒಂದು ಸಂಶಯ ಬರುವುದು ಸಹಜ. ಮಣ್ಣಿನ ತೇವ ಉಳಿಯಲು ತರಗೆಲೆಯ ಮುಚ್ಚಿಗೆ ಬೇಕು ಎಂದು ಕೃಷಿ ತಿಳಿದವರು ಹೇಳುತ್ತಾರೆ, ಇಲ್ಲಿ ತೆಗೆಯಿರಿ ಎನ್ನಲಾಗುತ್ತಿದೆಯಲ್ಲ? ಎರಡೂ ಸರಿ. ನೀರು ಹಾಯುವ ತೆಂಗು, ಅಡಿಕೆ, ಬಾಳೆಯ ಬುಡದಲ್ಲಿ ಮುಚ್ಚಿಗೆ ಇರಲಿ. ಮನೆಗೆ ಹತ್ತಿರದ 30 ಅಡಿಯಲ್ಲಿ ಮತ್ತು ಕಾಡಿನ ಕಡೆಯ ಬೇಲಿಯ ಪಟ್ಟಿಯಲ್ಲಿ ಮಾತ್ರ ಬೇಡ.

ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು?

ತೆಗೆಯುವುದರಲ್ಲಿ ಮೊದಲ ಸ್ಥಾನ ಲಂಟಾನಕ್ಕೆ. ಮಚ್ಚಿನಿಂದ ಮೇಲೆ ಮೇಲೆ ಸವರಿದರೆ ಅದು ಇನ್ನೂ ದಟ್ಟವಾಗಿ ಚಿಗುರುತ್ತದೆ. ಮಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬೇರನ್ನು ಕಡಿದು ಪೊದೆಯನ್ನು ತಲೆಕೆಳಗಾಗಿ ಇಡಬೇಕು. ನಂತರ ಒಣಗಿದ ಪೊದೆ ಮನೆಯ ಬಳಿ ಉಳಿಯದಂತೆ ಸಾಗಿಸಬೇಕು. ಎರಡನೆಯದು ಒಣಗಿದ ಬಿದಿರು ಮೆಳೆ ಮತ್ತು ಸತ್ತು ನಿಂತ ಮರ. ಮೂರನೆಯದು ಮನೆಗೆ 30 ಅಡಿಯೊಳಗೆ ಇರುವ ನೀಲಗಿರಿ. ಅದರ ಎಲೆಯಲ್ಲಿ ಎಣ್ಣೆಯಿದೆ, ಸುಲಿದು ತೂಗಾಡುವ ತೊಗಟೆ ಕಿಡಿಯಾಗಿ ಹಾರುತ್ತದೆ.

ಉಳಿಸಬೇಕಾದದ್ದು ದಟ್ಟ ಹಸಿರು ಎಲೆಯ, ಬುಡ ಚೊಕ್ಕಟವಾಗಿರುವ ಮರಗಳು: ಹೊಂಗೆ, ನೇರಳೆ, ಮಾವು, ಸಂಪಿಗೆ ಇಂಥವು. ಅಂಗಳದ ತೇಗವನ್ನೂ ಕಡಿಯಬೇಕಾಗಿಲ್ಲ. ಅದರ ಅಗಲ ಎಲೆಗಳನ್ನು ವಾರಕ್ಕೊಮ್ಮೆ ಬಾಚಿದರೆ ಸಾಕು. ಹೊಸದಾಗಿ ನೆಡುವವರು ಒಂದು ವಿಷಯ ಗಮನಿಸಬೇಕು. ಕಾಡಂಚಿನಲ್ಲಿ ಹಲಸು, ಬಾಳೆ ಮನೆಯ ಹತ್ತಿರ ಇದ್ದರೆ ಬೆಂಕಿಗೆ ಬದಲು ಆನೆಯನ್ನು ಕರೆದಂತಾಗುತ್ತದೆ. ಹೊಂಗೆ, ನಿಂಬೆ, ಕರಿಬೇವು ಆ ದೃಷ್ಟಿಯಿಂದ ಮೇಲು. ಬೇಲಿಗೆ ಕತ್ತಾಳೆ ಒಳ್ಳೆಯದು, ಆದರೆ ಅದರ ಬುಡದ ಒಣ ಪಟ್ಟೆಗಳನ್ನು ಪ್ರತಿ ವರ್ಷ ತೆಗೆಯಬೇಕು.

ಎಲ್ಲವನ್ನೂ ಕಡಿದರೆ ಏನಾಗುತ್ತದೆ?

ಬಯಲಾದರೆ ಭಯವಿಲ್ಲ ಎಂದು ಅನ್ನಿಸುವುದುಂಟು. ಆಗುವುದು ಬೇರೆ. ನೆರಳು ಹೋದ ನೆಲಕ್ಕೆ ಬಿಸಿಲು ನೇರವಾಗಿ ಬೀಳುತ್ತದೆ. ಮಳೆಗಾಲದಲ್ಲಿ ಅಲ್ಲಿ ಹುಲ್ಲು ಆಳೆತ್ತರ ಬೆಳೆದು ಬೇಸಿಗೆಯಲ್ಲಿ ಕಾಗದದಂತೆ ಒಣಗುತ್ತದೆ. ತರಗೆಲೆಗಿಂತ ಒಣಹುಲ್ಲಿನ ಬೆಂಕಿ ವೇಗವಾಗಿ ಓಡುತ್ತದೆ. ಗಾಳಿಗೆ ತಡೆಯಿಲ್ಲದೆ ಕಿಡಿಗಳು ನೇರ ಮನೆಗೆ ಬರುತ್ತವೆ. ಹಸಿರು ಮರದ ಸಾಲು ಇದ್ದರೆ ಗಾಳಿಯ ರಭಸ ಕಡಿಮೆಯಾಗಿ ಎಷ್ಟೋ ಕಿಡಿಗಳು ಅದರ ಎಲೆಗೆ ಬಡಿದು ಆರುತ್ತವೆ.

ಆಸ್ಟ್ರೇಲಿಯಾದ ಅನುಭವವೂ ಇದಕ್ಕೆ ಸೇರಿದ್ದು. 2013ರಲ್ಲಿ ಸಿಡ್ನಿ ಬಳಿಯ ಬ್ಲೂ ಮೌಂಟನ್ಸ್‌ನಲ್ಲಿ ಕಾಳ್ಗಿಚ್ಚಿಗೆ ಸುಮಾರು 200 ಮನೆಗಳು ಸುಟ್ಟುಹೋದವು. ಮರುವರ್ಷ ನ್ಯೂ ಸೌತ್ ವೇಲ್ಸ್ ಸರ್ಕಾರ ಮನೆಯಿಂದ 10 ಮೀಟರ್ ಒಳಗಿನ ಮರ, 50 ಮೀಟರ್ ಒಳಗಿನ ಪೊದೆಗಳನ್ನು ಅನುಮತಿಯಿಲ್ಲದೆ ತೆಗೆಯಬಹುದು ಎಂದು ನಿಯಮ ತಂದಿತು. ಬೆಂಕಿಯ ಹೆಸರಿನಲ್ಲಿ ಸಮುದ್ರ ಚೆನ್ನಾಗಿ ಕಾಣಲಿ, ನಿವೇಶನ ಬಯಲಾಗಲಿ ಎಂದೂ ಮರಗಳು ಉರುಳಿದವು ಎಂಬ ದೂರುಗಳು ಬಂದವು. ಸರ್ಕಾರ ನಂತರ ನಿಯಮದ ವ್ಯಾಪ್ತಿಯನ್ನು ಕುಗ್ಗಿಸಿತು. ಭಯವನ್ನು ಮುಂದಿಟ್ಟುಕೊಂಡು ಲಾಭಕ್ಕೆ ಕೊಡಲಿ ಎತ್ತುವುದು ಯಾವ ದೇಶದಲ್ಲಾದರೂ ನಡೆಯುವಂಥದ್ದೇ.

ಶ್ರಾವಕ ಧರ್ಮದ ದೃಷ್ಟಿಯಿಂದ

ಮರವೂ ಏಕೇಂದ್ರಿಯ ಜೀವ, ಬೆಂಕಿಯೂ ತೇಜಸ್ಕಾಯ ಜೀವ. ತರಗೆಲೆಯ ಅಡಿಯಲ್ಲಿ ಲೆಕ್ಕವಿಲ್ಲದಷ್ಟು ತ್ರಸ ಜೀವಿಗಳಿವೆ. ಗೃಹಸ್ಥನಿಗೆ ಸಂಕಲ್ಪಿ ಹಿಂಸೆ ಪೂರ್ತಿ ತ್ಯಾಜ್ಯ. ಮನೆವಾರ್ತೆಯಲ್ಲಿ ತಪ್ಪದೆ ಆಗುವ ಆರಂಭಿ ಹಿಂಸೆಯನ್ನು ಎಚ್ಚರದಿಂದ ಕಡಿಮೆ ಮಾಡಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಒಂದು ಬಗೆಯಾಗಿ ಪ್ರಮಾದಚರ್ಯೆಯನ್ನು ಹೇಳಲಾಗಿದೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ಬೆಂಕಿ ಹೊತ್ತಿಸುವುದು, ಗಿಡಮರ ಕತ್ತರಿಸುವುದು ಅದರೊಳಗೆ ಬರುತ್ತವೆ. ಕಾಡು ಕಡಿದು ಮಾರುವುದು, ಇದ್ದಿಲು ಸುಡುವುದು, ಕಾಡಿಗೆ ಬೆಂಕಿ ಕೊಡುವುದು ಇವು ಶ್ರಾವಕರು ಬಿಡಬೇಕಾದ ಕಸುಬುಗಳ ಪಟ್ಟಿಯಲ್ಲಿಯೂ ಇವೆ.

ಹಾಗಾದರೆ ‘ಪ್ರಯೋಜನ’ ಎಂದರೆ ಎಷ್ಟು? ಮೇಲೆ ಹೇಳಿದ ಸುತ್ತುಗಳ ಕ್ರಮ ಇದಕ್ಕೂ ಉತ್ತರ ಕೊಡುತ್ತದೆ. ಗುಡಿಸಿದರೆ ಆಗುವುದಕ್ಕೆ ಕೊಂಬೆ ಸವರುವುದು ಬೇಡ. ಕೊಂಬೆ ಸವರಿದರೆ ಆಗುವುದಕ್ಕೆ ಮರ ಕಡಿಯುವುದು ಬೇಡ. ಒಂದು ಮರ ಕಡಿದರೆ ಆಗುವುದಕ್ಕೆ ಹತ್ತು ಬೇಡ.

ಇದರ ಜೊತೆಗೆ ಕಾಲವೂ ಮುಖ್ಯ. ತರಗೆಲೆಯನ್ನು ವಾರ ವಾರ ಬಾಚಿದರೆ ಹುಳು, ಇರುವೆ, ಚೇಳುಗಳು ಅದರಲ್ಲಿ ಮನೆ ಮಾಡುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟು ಒಮ್ಮೆಲೇ ಎಳೆದರೆ ಎಲ್ಲವೂ ಸಾಯುತ್ತವೆ. ಬೆಳಕಿರುವಾಗಲೇ, ಮೆತ್ತಗಿನ ಪೊರಕೆಯಿಂದ ಈ ಕೆಲಸ ಆಗಬೇಕು. ಬಾಚಿದ್ದನ್ನು ಸುಡಬಾರದು. ಸುಟ್ಟರೆ ಹಿಂಸೆಯೂ ಹೌದು, ಅಪಾಯವೂ ಹೌದು. ಅಂಗಳದಲ್ಲಿ ಹಚ್ಚಿದ ಕಸದ ಬೆಂಕಿ ಗಾಳಿಗೆ ಹಾರಿ ಕಾಡು ಸೇರಿದರೆ ಅದರ ಪಾಪಕ್ಕೆ ಮಿತಿಯಿಲ್ಲ. ಗುಂಡಿಗೆ ಹಾಕಿ, ಸಗಣಿ ನೀರು ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ಮುಂಗಾರಿನ ನಂತರ ಒಳ್ಳೆಯ ಗೊಬ್ಬರವಾಗುತ್ತದೆ. ಕೊಂಬೆ ಸವರುವ ಮೊದಲು ಹಕ್ಕಿಗೂಡು, ಜೇನುಗೂಡು ಇದೆಯೇ ಎಂದು ನೋಡಲೇಬೇಕು. ಇದ್ದರೆ ಆ ಕೊಂಬೆಯನ್ನು ಬಿಡಬೇಕು.

ಕಾನೂನು ಏನು ಹೇಳುತ್ತದೆ?

ಸ್ವಂತ ಜಮೀನಿನ ಮರವಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಮರ ಸತ್ತಿದ್ದರೆ, ರೋಗ ತಗುಲಿದ್ದರೆ, ಜೀವ ಅಥವಾ ಆಸ್ತಿಗೆ ಅಪಾಯವಾಗಿದ್ದರೆ ಅನುಮತಿ ಸಿಗುತ್ತದೆ. ಅರ್ಜಿಯಲ್ಲಿ ಮನೆಯಿಂದ ಮರಕ್ಕಿರುವ ದೂರ ಬರೆದು ಫೋಟೊ ಲಗತ್ತಿಸುವುದು ಒಳ್ಳೆಯದು. ಕಡಿದ ಬದಲಿಗೆ ಬೇರೆ ಸಸಿ ನೆಡುವ ಜವಾಬ್ದಾರಿಯೂ ಇದೆ. ನೀಲಗಿರಿ, ಸಿಲ್ವರ್ ಓಕ್, ತೆಂಗು, ಅಡಿಕೆ, ರಬ್ಬರ್ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಪಟ್ಟಿಗೆ ಆಗಾಗ ತಿದ್ದುಪಡಿ ಆಗುವುದರಿಂದ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು. ಶ್ರೀಗಂಧ, ಬೀಟೆ, ತೇಗದ ವಿಷಯದಲ್ಲಂತೂ ಕೇಳದೆ ಕೊಡಲಿ ಮುಟ್ಟಬಾರದು. ಬೇಲಿಯಾಚೆಯ ಕಾಡಿನ ಒಂದು ಕೊಂಬೆಯನ್ನೂ ತಾವಾಗಿ ಸವರುವಂತಿಲ್ಲ. ಅಲ್ಲಿ ಅಪಾಯ ಕಂಡರೆ ಇಲಾಖೆಗೆ ತಿಳಿಸಬೇಕು.

ಬೇರೆ ಜಿಲ್ಲೆಗಳ ಬಂಧುಗಳಿಗೆ

ಇದು ವೀರನಹೊಸಹಳ್ಳಿಯ ಮಾತು ಮಾತ್ರವಲ್ಲ. ಕಾರ್ಕಳ, ಬೆಳ್ತಂಗಡಿ, ನರಸಿಂಹರಾಜಪುರ, ಹೊಂಬುಜದ ಕಡೆ ಮನೆಯ ಹಿಂದೆಯೇ ಗುಡ್ಡ ಇರುತ್ತದೆ. ಬೆಂಕಿ ಕೆಳಗಿನಿಂದ ಮೇಲಕ್ಕೆ ವೇಗವಾಗಿ ಏರುವುದರಿಂದ ಇಳಿಜಾರಿನ ಮೇಲಿರುವ ಮನೆಯವರು ಕೆಳಗಡೆಯ ಸುತ್ತುಗಳನ್ನು ಇನ್ನಷ್ಟು ಅಗಲ ಮಾಡಬೇಕು. ಅಡಿಕೆ ಸೋಗೆ, ಒಣ ಗರಿ ಅಂಗಳದಲ್ಲಿ ಉಳಿಯಬಾರದು. ಬೆಳಗಾವಿ, ಬಾಗಲಕೋಟೆ ಕಡೆಯ ತೋಟದ ಮನೆಗಳಿಗೆ ಕಾಡಿನ ಬದಲು ಕಬ್ಬಿನ ರವದಿಯೇ ಅಪಾಯ. ರವದಿಯನ್ನು ಸುಡದೆ ಸಾಲಿನಲ್ಲಿ ಮುಚ್ಚಿ ಕೊಳೆಸುವುದು ಮಣ್ಣಿಗೂ ಮನೆಗೂ ಕ್ಷೇಮ.

ಬಸದಿಗಳ ವಿಷಯದಲ್ಲೂ ಇದೇ ಕ್ರಮ ಹೊಂದುತ್ತದೆ. ಹುಣಸೂರು ತಾಲ್ಲೂಕಿನಲ್ಲೇ ಗೊಮ್ಮಟಗಿರಿ ಇದೆ, ಚಿಕ್ಕಹನಸೋಗೆಯಲ್ಲಿ ಆದಿನಾಥ ಬಸದಿ ಇದೆ. ನಾಡಿನ ಎಷ್ಟೋ ಬಸದಿಗಳು ಊರಿನಿಂದ ದೂರ, ಹೊಲ ಗುಡ್ಡಗಳ ನಡುವೆ ಇವೆ. ವರ್ಷಕ್ಕೊಮ್ಮೆ ಪೂಜೆಗೆ ಸೇರುವ ಯುವಕರು ಫೆಬ್ರವರಿಯಲ್ಲಿ ಒಂದು ಭಾನುವಾರ ಪೊರಕೆ, ಕುಡುಗೋಲು ಹಿಡಿದು ಪ್ರಾಕಾರದ ಸುತ್ತ ಒಣಹುಲ್ಲು ತೆಗೆದರೆ ಅದೂ ಸೇವೆಯೇ.

ಯಾವಾಗ ಏನು ಮಾಡಬೇಕು?

ನವೆಂಬರ್, ಡಿಸೆಂಬರಿನಲ್ಲಿ ಕೊಂಬೆ ಸವರುವುದು, ಲಂಟಾನ ಕೀಳುವುದು, ಅನುಮತಿಗೆ ಅರ್ಜಿ ಹಾಕುವುದು. ಜನವರಿಯಲ್ಲಿ ಹೆಂಚು ಸರಿಮಾಡಿಸುವುದು, ಸೌದೆ ಮತ್ತು ಮೆದೆ ದೂರ ಸಾಗಿಸುವುದು, ಬೇಲಿ ಪಟ್ಟಿ ಕೆರೆಯುವುದು. ಫೆಬ್ರವರಿಯಿಂದ ಮಳೆ ಬರುವ ತನಕ ವಾರಕ್ಕೊಮ್ಮೆ ಗುಡಿಸುವುದು, ಎರಡು ಡ್ರಮ್ ನೀರು, ಬಕೆಟ್, ಉದ್ದದ ಪೈಪು ಮತ್ತು ಗಟ್ಟಿ ಏಣಿಯನ್ನು ಕೈಗೆ ಸಿಗುವಂತೆ ಇಡುವುದು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ಉಪಗ್ರಹ ನೋಡಿದ ಕಾಳ್ಗಿಚ್ಚಿನ ಸಂದೇಶವನ್ನು ಮೊಬೈಲಿಗೆ ಉಚಿತವಾಗಿ ಕಳುಹಿಸುತ್ತದೆ. ಮನೆಯ ಮಕ್ಕಳಿಂದ ಅದಕ್ಕೆ ಹೆಸರು ನೋಂದಾಯಿಸಿಕೊಳ್ಳಬಹುದು.

ಹೊಗೆ ಹತ್ತಿರ ಕಂಡರೆ ಮೊದಲು 112 ಅಥವಾ 101ಕ್ಕೆ, ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ದನಕರುಗಳ ಹಗ್ಗ ಬಿಚ್ಚಬೇಕು, ಕಟ್ಟಿದ ದನ ಓಡಲಾರದು. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ತೆಗೆದು ಸಿಲಿಂಡರನ್ನು ಬಯಲಿಗೆ ಸಾಗಿಸಬೇಕು, ಕಿಟಕಿ ಬಾಗಿಲು ಮುಚ್ಚಬೇಕು. ವೃದ್ಧರು, ಮಕ್ಕಳು ಮೊದಲೇ ಹೊರಡಬೇಕು. ಎದುರು ಬೆಂಕಿ ಕೊಡುವ ಸಾಹಸ ತರಬೇತಾದ ಇಲಾಖೆಯವರಿಗೆ ಮಾತ್ರ ಬಿಟ್ಟದ್ದು. ಬೆಂಕಿ ಹಾದುಹೋದ ಮೇಲೂ ಒಂದು ದಿನ ಸೂರು, ಅಟ್ಟ, ಮೆದೆಗಳನ್ನು ಮತ್ತೆ ಮತ್ತೆ ನೋಡುತ್ತಿರಬೇಕು. ಕಿಡಿ ಗಂಟೆಗಟ್ಟಲೆ ಒಳಗೇ ಕನಲುತ್ತದೆ.

ಪೂರ್ವಜರು ನೆಟ್ಟ ಮರವನ್ನು ಉಳಿಸಿಕೊಂಡೇ ಮನೆಯನ್ನೂ ಉಳಿಸಿಕೊಳ್ಳಬಹುದು. ಅದಕ್ಕೆ ಕೊಡಲಿಗಿಂತ ಮೊದಲು ಪೊರಕೆ ಕೈಗೆ ಬರಬೇಕು, ಅದೂ ಮಾಘ ಮುಗಿಯುವುದರೊಳಗೆ.